ಕೆಂಪು-ಹಸಿರು ಬೇರೆಬೇರೆ ಕಾಣದವರು ಮಳೆ ರೇಡಾರ್ ಓದುವುದು ಹೇಗೆ?

ರೇಡಾರ್ ಚಿತ್ರ ನೋಡುವುದು ಈಗ ಹವಾಮಾನ ಇಲಾಖೆಯವರ ಕೆಲಸ ಮಾತ್ರ ಅಲ್ಲ. ಅಂಗಳದಲ್ಲಿ ಅಡಿಕೆ ಹರವಿದವರು ನೋಡುತ್ತಾರೆ. ಸಂಜೆ ಬೈಕ್ ಹತ್ತುವ ಮುಂಚೆ ಆಫೀಸಿನವರು ನೋಡುತ್ತಾರೆ. ಟೆಕ್ಸಸ್, ಒಕ್ಲಹೋಮ ಕಡೆ ನೆಲೆಸಿದ ನಮ್ಮವರಂತೂ ಏಪ್ರಿಲ್-ಮೇ ಬಂತೆಂದರೆ ಸುಂಟರಗಾಳಿಯ ಭಯಕ್ಕೆ ಮತ್ತೆಮತ್ತೆ ನೋಡುತ್ತಾರೆ. ಆದರೆ ಈ ಚಿತ್ರಗಳಲ್ಲಿ ಹೆಚ್ಚಿನವು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲೇ ಮಳೆಯ ಜೋರು ತೋರಿಸುತ್ತವೆ. ಹಸಿರಿದ್ದರೆ ಸಣ್ಣ ಮಳೆ, ಕೆಂಪಿದ್ದರೆ ಜೋರು ಮಳೆ. ಈ ಎರಡು ಬಣ್ಣ ಒಂದೇ ಥರ ಕಾಣುವವರು ಏನು ಮಾಡಬೇಕು?

ಅಂಥವರು ಕಡಿಮೆ ಇಲ್ಲ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಕೆಂಪು-ಹಸಿರು ಗೊಂದಲ ಇದೆ. ಏಷ್ಯಾದ ಜನರಲ್ಲಿ ಈ ಪ್ರಮಾಣ ಇನ್ನೂ ಸ್ವಲ್ಪ ಕಡಿಮೆ. ಹೆಂಗಸರಲ್ಲಿ ಇದು ತುಂಬಾ ಅಪರೂಪ, ಯಾಕೆಂದರೆ ಇದಕ್ಕೆ ಕಾರಣವಾದ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ. ನಾನೂ ಈ ಸಾಲಿನವನೇ. ಹಾಗಾಗಿ ಇಲ್ಲಿ ಬರೆದಿರುವುದು ನಾನು ದಿನವೂ ಬಳಸುವ ದಾರಿಗಳು.

ಮೊದಲೇ ಒಂದು ಮಾತು. ಬಣ್ಣ ಗುರುತಿಸುವ ಅಭ್ಯಾಸ ಮಾಡಿಕೊಳ್ಳಿ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ವಿಶೇಷ ಕನ್ನಡಕಗಳೂ ಇದನ್ನು ವಾಸಿ ಮಾಡುವುದಿಲ್ಲ. ಕಣ್ಣನ್ನು ಬದಲಾಯಿಸಲು ಆಗದು, ಚಿತ್ರವನ್ನು ಬದಲಾಯಿಸಬಹುದು. ಜೋರು ಮಳೆ ಎಲ್ಲಿದೆ ಅಂತ ಹೇಳುವ ಕೆಲಸವನ್ನು ಬಣ್ಣದಿಂದ ಕಿತ್ತು ಬೆಳಕಿಗೆ ಕೊಡಬೇಕು. ಮಳೆ ಜಾಸ್ತಿ ಆದಷ್ಟೂ ಚಿತ್ರ ಬೆಳ್ಳಗಾಗುತ್ತಾ ಹೋಗಬೇಕು, ಇಲ್ಲವೇ ಕಪ್ಪಾಗುತ್ತಾ ಹೋಗಬೇಕು. ಎಲ್ಲ ಹಂತಗಳ ಹಿಂದಿರುವುದೂ ಇದೇ ಲೆಕ್ಕ.

ರೇಡಾರ್ ತೋರಿಸುವುದು ಒಂದು ಸಂಖ್ಯೆ

ಬಣ್ಣದ ಹಿಂದೆ ಒಂದು ಸಂಖ್ಯೆ ಇರುತ್ತದೆ. ಅದರ ಅಳತೆ ಡಿಬಿಝೆಡ್. ರೇಡಾರ್ ಬಿಟ್ಟ ಅಲೆ ಮಳೆಹನಿಗಳಿಗೆ ತಾಗಿ ಎಷ್ಟು ವಾಪಸ್ ಬಂತು ಎನ್ನುವುದರ ಲೆಕ್ಕ ಅದು. ಬಣ್ಣದ ಹೆಸರು ಬಿಟ್ಟು ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. 1948ರಲ್ಲಿ ಮಾರ್ಷಲ್ ಮತ್ತು ಪಾಮರ್ ಹನಿಗಳ ಗಾತ್ರದ ಬಗ್ಗೆ ಮಾಡಿದ ಕೆಲಸದಿಂದ ಬಂದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಹೀಗೆ:

20 ಡಿಬಿಝೆಡ್: ಗಂಟೆಗೆ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಬರೀ ತುಂತುರು
30 ಡಿಬಿಝೆಡ್: ಗಂಟೆಗೆ ಸುಮಾರು 2.7 ಮಿ.ಮೀ., ಸೋನೆ ಮಳೆ
40 ಡಿಬಿಝೆಡ್: ಗಂಟೆಗೆ ಸುಮಾರು 11.5 ಮಿ.ಮೀ., ಕೊಡೆ ಇಲ್ಲದೆ ಆಗದು
50 ಡಿಬಿಝೆಡ್: ಗಂಟೆಗೆ ಸುಮಾರು 49 ಮಿ.ಮೀ., ರಸ್ತೆ ಕಾಣದಂಥ ಮಳೆ

55 ದಾಟಿದರೆ ಆಲಿಕಲ್ಲು ಇರಬಹುದು ಅಂತ ಅನುಮಾನಪಡಬೇಕು. ಆಗ ಮೇಲಿನ ಲೆಕ್ಕ ನಡೆಯುವುದಿಲ್ಲ, ಕಲ್ಲುಗಳು ಅಲೆಯನ್ನು ಹನಿಗಳಿಗಿಂತ ಜೋರಾಗಿ ವಾಪಸ್ ಕಳಿಸುತ್ತವೆ.

ಈಗ ತೊಂದರೆ ಎಲ್ಲಿದೆ ಅಂತ ಹತ್ತಿರದಿಂದ ನೋಡೋಣ. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಬಹಳ ಕಾಲ ಬಳಸಿದ ಒಂದು ಬಣ್ಣದ ಪಟ್ಟಿ ಇದೆ. ಎಷ್ಟೋ ಆ್ಯಪ್‌ಗಳು ಇವತ್ತಿಗೂ ಅದನ್ನೇ ಹೋಲುವ ಪಟ್ಟಿ ಇಟ್ಟುಕೊಂಡಿವೆ. ಕಂಪ್ಯೂಟರಿನಲ್ಲಿ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳು, ಒಂದೊಂದೂ 0ಯಿಂದ 255ರ ತನಕ. ಆ ಹಳೆಯ ಪಟ್ಟಿಯಲ್ಲಿ 30 ಡಿಬಿಝೆಡ್‌ಗೆ ಕಡು ಹಸಿರು: 0, 142, 0. 50 ಡಿಬಿಝೆಡ್‌ಗೆ ಕೆಂಪು: 253, 0, 0. ಎರಡರಿಂದಲೂ ಬಣ್ಣ ತೆಗೆದು ಬರೀ ಬೆಳಕನ್ನು ಅಳೆದರೆ ಹೆಚ್ಚುಕಮ್ಮಿ ಒಂದೇ ಬೂದು ಸಿಗುತ್ತದೆ. ಸೋನೆ ಮಳೆಗೂ ಅದರ 18 ಪಟ್ಟು ಜೋರು ಮಳೆಗೂ ಬೆಳಕಿನಲ್ಲಿ ವ್ಯತ್ಯಾಸವೇ ಇಲ್ಲ! ಬಣ್ಣ ಪೂರ್ತಿ ಕಾಣುವವರಿಗೆ ಇದು ಗಮನಕ್ಕೇ ಬರುವುದಿಲ್ಲ. ನಮಗೆ ಮಾತ್ರ ಎರಡೂ ಒಂದೇ ಕಂದು ತೇಪೆ.

ಹಂತ 1: ನಿಮ್ಮದು ಯಾವ ಬಗೆ ಅಂತ ತಿಳಿದುಕೊಳ್ಳಿ

ಕಣ್ಣಿನ ಡಾಕ್ಟರ ಹತ್ತಿರ ಇಶಿಹಾರಾ ಪುಸ್ತಕ ಇರುತ್ತದೆ, ಚುಕ್ಕೆಗಳ ನಡುವೆ ಅಂಕಿ ಓದುವ ಪರೀಕ್ಷೆ. ಕೆಂಪು-ಹಸಿರು ಗೊಂದಲ ಇದೆಯೋ ಇಲ್ಲವೋ ಅಂತ ಅದು ಐದೇ ನಿಮಿಷದಲ್ಲಿ ಹೇಳಿಬಿಡುತ್ತದೆ. ಮುಖ್ಯವಾಗಿ ಎರಡು ಬಗೆ. ಡ್ಯೂಟಾನ್ ಎಂಬ ಬಗೆಯಲ್ಲಿ ಹಸಿರಿಗೆ ಸ್ಪಂದಿಸುವ ಕೋಶಗಳಲ್ಲಿ ಕೊರತೆ. ಇದೇ ಜಾಸ್ತಿ ಜನಕ್ಕೆ ಇರುವುದು. ಪ್ರೋಟಾನ್ ಬಗೆಯಲ್ಲಿ ಕೆಂಪಿನ ಕೋಶಗಳಲ್ಲಿ ಕೊರತೆ.

ರೇಡಾರ್ ನೋಡುವವರಿಗೆ ಈ ಭೇದ ಮುಖ್ಯ. ಪ್ರೋಟಾನ್ ಇದ್ದವರಿಗೆ ಕೆಂಪು ಮಂಕಾಗಿ ಕಾಣುತ್ತದೆ. ಕಪ್ಪು ನಕ್ಷೆಯ ಮೇಲೆ ಕಡುಗೆಂಪು ಬಿದ್ದರೆ ಅದು ಹಿನ್ನೆಲೆಯಲ್ಲೇ ಮುಳುಗಿ ಹೋಗಬಹುದು. ಅಂದರೆ ಅತಿ ಜೋರು ಮಳೆಯ ಜಾಗದಲ್ಲಿ ಏನೂ ಇಲ್ಲದ ಹಾಗೆ ಕಾಣುವ ಅಪಾಯ. ಡ್ಯೂಟಾನ್ ಇದ್ದವರಿಗೆ ಕೆಂಪು ಅಷ್ಟು ಮಂಕಾಗುವುದಿಲ್ಲ, ಆದರೆ ಹಸಿರಿಗೂ ಅದಕ್ಕೂ ಭೇದ ಸಿಗುವುದಿಲ್ಲ. ಟ್ರೈಟಾನ್ ಎಂಬ ನೀಲಿ-ಹಳದಿ ಗೊಂದಲ ಬಹಳ ಅಪರೂಪ, ಗಂಡಸರು ಹೆಂಗಸರು ಇಬ್ಬರಲ್ಲೂ ಒಂದೇ ಪ್ರಮಾಣ.

ಹಂತ 2: ನೀವು ಬಳಸುವ ಆ್ಯಪ್‌ಗೆ ಬೂದು ಪರೀಕ್ಷೆ ಮಾಡಿ

ಹೊಸ ಆ್ಯಪ್ ಹುಡುಕುವ ಮುಂಚೆ ಈಗಿರುವುದು ಎಷ್ಟು ಕೆಟ್ಟದು ಅಂತ ನೋಡಿ. ರೇಡಾರ್ ಪರದೆಯ ಸ್ಕ್ರೀನ್‌ಶಾಟ್ ತೆಗೆದು, ಗ್ಯಾಲರಿಯ ಎಡಿಟ್‌ನಲ್ಲಿ ಅದನ್ನು ಕಪ್ಪು-ಬಿಳುಪು ಮಾಡಿ. ಈಗ ಪಕ್ಕದ ಬಣ್ಣದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಬೂದು ಒಂದೇ ದಿಕ್ಕಿನಲ್ಲಿ ಬೆಳ್ಳಗೆ ಅಥವಾ ಕಪ್ಪಗೆ ಆಗುತ್ತಾ ಹೋದರೆ ಆ ಪಟ್ಟಿ ಒಳ್ಳೆಯದು. ಹಳದಿ ಬಂದಲ್ಲಿ ಫಳಕ್ ಅಂತ ಬೆಳ್ಳಗಾಗಿ, ಕೆಂಪು ಬಂದಲ್ಲಿ ಮತ್ತೆ ಕಪ್ಪಾಗಿ, ನೇರಳೆಯಲ್ಲಿ ಪುನಃ ಬೆಳ್ಳಗಾದರೆ ಆ ಪಟ್ಟಿಯನ್ನು ನಂಬಿ ಕೂರಬೇಡಿ. ಕಾಮನಬಿಲ್ಲಿನ ಬಣ್ಣಗಳಿರುವ ಹೆಚ್ಚಿನ ಪಟ್ಟಿಗಳು ಇಲ್ಲಿ ನಪಾಸಾಗುತ್ತವೆ.

ಹಂತ 3: ಫೋನಿನದ್ದೇ ಬಣ್ಣದ ಫಿಲ್ಟರ್

ಖರ್ಚಿಲ್ಲದೆ ಈಗಲೇ ಮಾಡಬಹುದಾದ್ದು ಇದು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಆಕ್ಸೆಸಿಬಿಲಿಟಿ, ಅದರೊಳಗೆ ಕಲರ್ ಕರೆಕ್ಷನ್. ಸ್ಯಾಮ್ಸಂಗ್ ಫೋನುಗಳಲ್ಲಿ ಇದು ವಿಷನ್ ಎನ್‌ಹಾನ್ಸ್‌ಮೆಂಟ್ಸ್ ಒಳಗೆ ಇರುತ್ತದೆ. ಐಫೋನ್‌ನಲ್ಲಿ ಆಕ್ಸೆಸಿಬಿಲಿಟಿ, ಡಿಸ್‌ಪ್ಲೇ ಆ್ಯಂಡ್ ಟೆಕ್ಸ್ಟ್ ಸೈಜ್, ಕಲರ್ ಫಿಲ್ಟರ್ಸ್. ವಿಂಡೋಸ್‌ನಲ್ಲಿ ಆಕ್ಸೆಸಿಬಿಲಿಟಿಯ ಕಲರ್ ಫಿಲ್ಟರ್ಸ್. ಅಲ್ಲೇ ಕೀಬೋರ್ಡ್ ಶಾರ್ಟ್‌ಕಟ್‌ಗೆ ಅನುಮತಿ ಕೊಟ್ಟರೆ ವಿಂಡೋಸ್, ಕಂಟ್ರೋಲ್, ಸಿ ಮೂರೂ ಒಟ್ಟಿಗೆ ಒತ್ತಿ ಫಿಲ್ಟರ್ ಹಾಕಬಹುದು, ತೆಗೆಯಬಹುದು. ಫೋನ್ ಕನ್ನಡದಲ್ಲಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ಸುಮ್ನೆ 'ಬಣ್ಣ' ಅಂತ ಟೈಪ್ ಮಾಡಿ ನೋಡಿ.

ನಿಮ್ಮ ಬಗೆ ಗೊತ್ತಿದ್ದರೆ ಅದಕ್ಕೆ ತಕ್ಕ ಫಿಲ್ಟರ್ ಆರಿಸಿ. ಗೊತ್ತಿಲ್ಲದಿದ್ದರೆ ರೇಡಾರ್ ಚಿತ್ರ ತೆರೆದಿಟ್ಟು ಒಂದೊಂದನ್ನೇ ಹಾಕಿ ನೋಡಿ. ಪಟ್ಟಿಯಲ್ಲಿ 30 ಮತ್ತು 50ರ ಬಣ್ಣಗಳು ಯಾವುದರಲ್ಲಿ ಚೆನ್ನಾಗಿ ಬೇರೆ ಕಾಣುತ್ತವೋ ಅದೇ ನಿಮಗೆ ಸರಿ. ಐಫೋನ್‌ನಲ್ಲಿ ಫಿಲ್ಟರ್‌ನ ಜೋರು ಹೆಚ್ಚುಕಡಿಮೆ ಮಾಡಲು ಒಂದು ಸ್ಲೈಡರ್ ಸಹ ಇದೆ.

ಫಿಲ್ಟರ್ ಹಾಕಿದಾಗ ಮಳೆಯ ಬಣ್ಣ ಬದಲಾದ ಹಾಗೇ ಪಕ್ಕದ ಪಟ್ಟಿಯ ಬಣ್ಣವೂ ಬದಲಾಗುತ್ತದೆ. ಹಾಗಾಗಿ ಹೋಲಿಸಿ ನೋಡುವುದಕ್ಕೆ ಏನೂ ತೊಂದರೆ ಇಲ್ಲ. ಬೇರೆಯವರು ಹೇಳುವ "ಅಲ್ಲಿ ಕೆಂಪು ಇದೆ ನೋಡಿ" ಎಂಬ ಮಾತು ಮಾತ್ರ ಆಗ ನಿಮ್ಮ ಪರದೆಗೆ ಹೊಂದುವುದಿಲ್ಲ. ಫೋಟೋ, ವಿಡಿಯೋ ಎಲ್ಲದರ ಬಣ್ಣವೂ ಬದಲಾಗುವುದರಿಂದ ಇಡೀ ದಿನ ಹಾಕಿಡಬೇಡಿ, ಬೇಕಾದಾಗ ಒಂದು ಬಟನ್‌ನಲ್ಲಿ ಬರುವ ಹಾಗೆ ಶಾರ್ಟ್‌ಕಟ್ ಇಟ್ಟುಕೊಳ್ಳಿ.

ಹಂತ 4: ಪಟ್ಟಿ ಬದಲಿಸಲು ಬಿಡುವ ಆ್ಯಪ್ ಆರಿಸಿ

ಫಿಲ್ಟರ್ ಒಂದು ತೇಪೆ ಅಷ್ಟೇ. ಬಣ್ಣದ ಪಟ್ಟಿಯನ್ನೇ ಬದಲಿಸಲು ಬಿಡುವ ಆ್ಯಪ್ ಸಿಕ್ಕರೆ ಅದೇ ಮೇಲು.

ರೇನ್‌ವ್ಯೂವರ್ ಒಂದಕ್ಕಿಂತ ಹೆಚ್ಚು ಪಟ್ಟಿಗಳನ್ನು ಮಾಡಿಟ್ಟಿರುವ ಆ್ಯಪ್. ಅದರ 'ಯೂನಿವರ್ಸಲ್ ಬ್ಲೂ' ಪಟ್ಟಿಯಲ್ಲಿ ಸಣ್ಣ ಮಳೆಗೆ ಹಸಿರಿನ ಬದಲು ನೀಲಿ ಇದೆ. ಕೆಂಪಿಗೂ ನೀಲಿಗೂ ಭೇದ ಕಾಣುವ ನಮ್ಮಂಥವರಿಗೆ ಇಷ್ಟೇ ದೊಡ್ಡ ಉಪಕಾರ.

ಅಮೆರಿಕದಲ್ಲಿರುವವರಿಗೆ ಆಯ್ಕೆ ಜಾಸ್ತಿ. ಅಲ್ಲಿನ ಸುಮಾರು 160 ನೆಕ್ಸ್‌ರ‍್ಯಾಡ್ ರೇಡಾರ್‌ಗಳ ಮಾಹಿತಿ ಎಲ್ಲರಿಗೂ ಮುಕ್ತ, ಅದನ್ನು ಹೇಗೆ ಬೇಕಾದರೂ ಬಣ್ಣ ಹಚ್ಚಿ ನೋಡಬಹುದು. ಫೋನಿಗೆ ರೇಡಾರ್‌ಸ್ಕೋಪ್ ಮತ್ತು ರೇಡಾರ್‌ಒಮೆಗಾ, ವಿಂಡೋಸ್‌ಗೆ ಜಿಆರ್‌ಲೆವೆಲ್3, ಇವೆಲ್ಲ ಹಣ ಕೊಟ್ಟು ಕೊಳ್ಳುವಂಥವು. ನೀವೇ ಮಾಡಿದ ಬಣ್ಣದ ಪಟ್ಟಿಯನ್ನು ಇವು ಒಪ್ಪುತ್ತವೆ. ಯಾವ ಸೌಲಭ್ಯ ಯಾವ ಪ್ಯಾಕಿನಲ್ಲಿದೆ ಅಂತ ಕೊಳ್ಳುವ ಮುಂಚೆ ಓದಿ ನೋಡಿ. ಪುಕ್ಕಟೆ ಬೇಕಾದರೆ ಅಮೆರಿಕ ಸರ್ಕಾರದ ನೋವಾ ಸಂಸ್ಥೆಯ 'ವೆದರ್ ಆ್ಯಂಡ್ ಕ್ಲೈಮೇಟ್ ಟೂಲ್‌ಕಿಟ್' ಇದೆ. ಅದೂ ಇದೇ ಥರದ ಪಟ್ಟಿಗಳನ್ನು ಓದುತ್ತದೆ.

ಆ್ಯಪ್ ಆರಿಸುವಾಗ ಇನ್ನೊಂದು ಸೌಲಭ್ಯ ಇದೆಯೇ ನೋಡಿ. ಅದನ್ನು ನಾನು ಬಣ್ಣದ ಪಟ್ಟಿಗಿಂತ ಮೇಲೆ ಇಡುತ್ತೇನೆ. ಚಿತ್ರದ ಮೇಲೆ ಬೆರಳೋ ಮೌಸೋ ಇಟ್ಟರೆ ಆ ಜಾಗದ ಡಿಬಿಝೆಡ್ ಎಷ್ಟು ಅಂತ ಅಂಕಿಯಲ್ಲೇ ತೋರಿಸುವ ಸೌಲಭ್ಯ ಅದು. ಅನುಮಾನ ಬಂದಲ್ಲಿ ಬೆರಳಿಡಿ, 52 ಅಂತ ಬಂದರೆ 52. ಕಣ್ಣು ಏನು ಹೇಳಿದರೂ ಲೆಕ್ಕಕ್ಕಿಲ್ಲ.

ಹಂತ 5: ನಿಮ್ಮದೇ ಪಟ್ಟಿ ಮಾಡಿಕೊಳ್ಳಿ

ಹೆದರಬೇಡಿ, ಇದು ಪ್ರೋಗ್ರಾಮಿಂಗ್ ಅಲ್ಲ. ಜಿಆರ್‌ಲೆವೆಲ್3 ಬಳಸುವ ಬಣ್ಣದ ಪಟ್ಟಿ ಒಂದು ಸಾದಾ ಟೆಕ್ಸ್ಟ್ ಫೈಲ್. ಹೆಸರಿನ ಕೊನೆಗೆ ಚುಕ್ಕಿ ಹಾಕಿ ಪಿ, ಎ, ಎಲ್ ಅಂತ ಇರುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸಾಕು. ಪ್ರತಿ ಸಾಲಿನಲ್ಲೂ ಮೊದಲು 'ಕಲರ್' ಎಂಬ ಪದ, ಆಮೇಲೆ ಡಿಬಿಝೆಡ್ ಸಂಖ್ಯೆ, ಆಮೇಲೆ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆಗಳು.

ಹೊಸದಾಗಿ ಬರೆಯುವುದಕ್ಕಿಂತ, ಇರುವ ಒಂದು ಪಟ್ಟಿಯನ್ನು ಕಾಪಿ ಮಾಡಿ ಬೇರೆ ಹೆಸರು ಕೊಡಿ. ಮೇಲಿನ ಒಂದೆರಡು ಸಾಲುಗಳು ಇದು ಯಾವ ಬಗೆಯ ರೇಡಾರ್ ಚಿತ್ರದ ಪಟ್ಟಿ, ಅಳತೆ ಏನು ಅಂತ ಹೇಳುತ್ತವೆ. ಅವನ್ನು ಮುಟ್ಟಬೇಡಿ. ಬಣ್ಣದ ಸಾಲುಗಳನ್ನು ಮಾತ್ರ ತಿದ್ದಿ. ಕಪ್ಪು ನಕ್ಷೆಗೆ ಹೊಂದುವ ಒಂದು ಪಟ್ಟಿ ಇಲ್ಲಿದೆ:

| ಡಿಬಿಝೆಡ್ | ಕೆಂಪು | ಹಸಿರು | ನೀಲಿ |
|---|---|---|---|
| 5 | 20 | 40 | 90 |
| 20 | 40 | 80 | 160 |
| 30 | 80 | 130 | 200 |
| 40 | 170 | 180 | 190 |
| 50 | 240 | 200 | 60 |
| 60 | 255 | 240 | 170 |
| 70 | 255 | 255 | 255 |

ಕಡು ನೀಲಿಯಿಂದ ಶುರುವಾಗಿ, ತಿಳಿ ನೀಲಿ, ಬೂದು, ಹಳದಿ, ಕೊನೆಗೆ ಬಿಳಿ. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಬೆಳ್ಳಗಿದೆ. ಬೂದು ಪರೀಕ್ಷೆ ಮಾಡಿ ನೋಡಿ, ಪಾಸಾಗುತ್ತದೆ. ನೀಲಿ ಮತ್ತು ಹಳದಿ ಡ್ಯೂಟಾನ್, ಪ್ರೋಟಾನ್ ಇಬ್ಬರಿಗೂ ಬೇರೆಬೇರೆ ಕಾಣುವ ಜೋಡಿ. ಟ್ರೈಟಾನ್ ಇದ್ದವರಿಗೆ ಬಣ್ಣದಿಂದ ಸಹಾಯ ಆಗದಿದ್ದರೂ ಬೆಳಕಿನ ಏರಿಕೆ ದಾರಿ ತೋರಿಸುತ್ತದೆ. 40ರಿಂದ 50ಕ್ಕೆ ಹೋಗುವಾಗ ಬೂದು ಹಳದಿಗೆ ತಿರುಗುವ ಹಾಗೆ ಬೇಕೆಂದೇ ಇಟ್ಟಿದ್ದೇನೆ. ಹಳದಿ ಕಂಡಿತೋ, ಅಲ್ಲಿ ಎಚ್ಚರ ಬೇಕು.

'ಕಲರ್' ಅಂತ ಶುರುವಾಗುವ ಸಾಲಿನ ಬಣ್ಣ ಮುಂದಿನ ಸಾಲಿನ ಬಣ್ಣಕ್ಕೆ ನಿಧಾನವಾಗಿ ಬೆರೆಯುತ್ತದೆ. ಅಂಚು ಸ್ಪಷ್ಟವಾಗಿ ಬೇಕಾದರೆ ಆ ಪದದ ಬದಲು 'ಸಾಲಿಡ್‌ಕಲರ್' ಅಂತ ಇಂಗ್ಲಿಷಿನಲ್ಲಿ ಜಾಗ ಬಿಡದೆ ಬರೆಯಿರಿ. ಆಗ ಮುಂದಿನ ಸಾಲಿನ ತನಕ ಒಂದೇ ಬಣ್ಣದ ಪಟ್ಟೆ ಬರುತ್ತದೆ. ನನಗೆ ಪಟ್ಟೆಗಳೇ ಇಷ್ಟ. ಬೆರೆತ ಬಣ್ಣದಲ್ಲಿ ಅಂಚು ಹುಡುಕುವುದೇ ಒಂದು ಕೆಲಸ ಆಗುತ್ತದೆ. ಹಾಗೇ ಆ್ಯಪ್‌ನಲ್ಲಿ ಸ್ಮೂದಿಂಗ್ (ಚಿತ್ರವನ್ನು ನಯವಾಗಿಸುವುದು) ಅಂತ ಇದ್ದರೆ ಅದನ್ನೂ ಆಫ್ ಮಾಡಿಬಿಡಿ. ಚಿತ್ರ ಚೌಕಚೌಕ ಕಾಣುತ್ತದೆ, ಕಾಣಲಿ ಬಿಡಿ. ಪ್ರತಿ ಚೌಕವೂ ರೇಡಾರ್ ನಿಜವಾಗಿ ಅಳೆದದ್ದು.

ಹೊಲದಲ್ಲಿ, ಬಿಸಿಲಲ್ಲಿ ನಿಂತು ಫೋನ್ ನೋಡುವವರಾದರೆ ಬಿಳಿ ನಕ್ಷೆ ಚೆನ್ನಾಗಿ ಕಾಣುತ್ತದೆ. ಆಗ ಪಟ್ಟಿಯನ್ನು ತಿರುಗಿಸಬೇಕು: ಸಣ್ಣ ಮಳೆಗೆ ತಿಳಿ ಬಣ್ಣ, ಜೋರು ಮಳೆಗೆ ಕಡು ಬಣ್ಣ.

ಹಂತ 6: ಗಾಳಿಯ ಚಿತ್ರ, ಇಲ್ಲಿ ಇನ್ನೂ ಹುಷಾರಾಗಿರಬೇಕು

ಡಾಪ್ಲರ್ ರೇಡಾರ್ ಮಳೆಯ ಜೊತೆಗೆ ಗಾಳಿಯನ್ನೂ ಅಳೆಯುತ್ತದೆ. ಹನಿಗಳು ರೇಡಾರ್ ಕಡೆಗೆ ಬರುತ್ತಿವೆಯೇ, ದೂರ ಹೋಗುತ್ತಿವೆಯೇ, ಎಷ್ಟು ವೇಗ ಎಂಬ ಚಿತ್ರ ಅದು. ಅಮೆರಿಕದಲ್ಲಿ ಬರುವ ಗಾಳಿಗೆ ಹಸಿರು, ಹೋಗುವ ಗಾಳಿಗೆ ಕೆಂಪು ಹಾಕುವುದು ರೂಢಿ. ಕೆಂಪು-ಹಸಿರು ಗೊಂದಲ ಇದ್ದವರಿಗೆ ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ.

ಯಾಕೆ ಅಂದರೆ, ಸುಂಟರಗಾಳಿಯ ಗುರುತು ಇರುವುದೇ ಈ ಎರಡು ಬಣ್ಣಗಳ ಪಕ್ಕಪಕ್ಕದಲ್ಲಿ. ಗಾಳಿ ಗಿರಗಿರ ತಿರುಗುತ್ತಿದ್ದರೆ ಅದರ ಒಂದು ಬದಿ ರೇಡಾರ್ ಕಡೆಗೆ ನುಗ್ಗುತ್ತದೆ, ಇನ್ನೊಂದು ಬದಿ ದೂರ ಓಡುತ್ತದೆ. ಚಿತ್ರದಲ್ಲಿ ಹೊಳೆಯುವ ಹಸಿರು ತೇಪೆಗೆ ಅಂಟಿಕೊಂಡು ಹೊಳೆಯುವ ಕೆಂಪು ತೇಪೆ ಬರುತ್ತದೆ. ಬಣ್ಣ ಪೂರ್ತಿ ಕಾಣುವವರ ಕಣ್ಣಿಗೆ ಅದು ರಾಚುತ್ತದೆ. ನಮಗೆ ಅಲ್ಲಿ ಒಂದೇ ತೇಪೆ ಕಾಣಬಹುದು, ಎಲ್ಲ ಗಾಳಿಯೂ ಒಂದೇ ಕಡೆ ಬೀಸುತ್ತಿರುವ ಹಾಗೆ.

ಇದಕ್ಕೆ ನೀಲಿ-ಕಿತ್ತಳೆ ಜೋಡಿ ಹಾಕಿಕೊಳ್ಳಿ. ಕಪ್ಪು ನಕ್ಷೆಯ ಮೇಲೆ ಬರುವ ಗಾಳಿಗೆ ನಿಧಾನ ಇದ್ದಾಗ 30, 50, 90. ವೇಗ ಜಾಸ್ತಿ ಆದಾಗ 120, 190, 255. ಹೋಗುವ ಗಾಳಿಗೆ ನಿಧಾನ ಇದ್ದಾಗ 90, 55, 20. ವೇಗಕ್ಕೆ 255, 170, 40. ನಡುವಿನ ಸೊನ್ನೆಗೆ ಕಡು ಬೂದು, 40, 40, 40. ಈಗ ಮಂಕು ಇದ್ದಲ್ಲಿ ಗಾಳಿ ನಿಧಾನ, ಹೊಳೆಯುವಲ್ಲಿ ಜೋರು. ಹೊಳೆಯುವ ನೀಲಿ ಮತ್ತು ಹೊಳೆಯುವ ಕಿತ್ತಳೆ ಒಂದಕ್ಕೊಂದು ತಾಗಿ ನಿಂತರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ರೇಡಾರ್‌ಗೆ ಸರಿಯಾಗಿ ಅಳೆಯಲಾಗದ ಜಾಗಗಳಿಗೆ ಹಳೆಯ ಪಟ್ಟಿಗಳಲ್ಲಿ ನೇರಳೆ ಇರುತ್ತದೆ. ನಮಗೆ ನೇರಳೆಯೂ ನೀಲಿಯೂ ಬೆರೆತು ಕಾಣುವುದರಿಂದ ಅದನ್ನು 110, 110, 110 ಬೂದು ಮಾಡಿ.

ಆದರೆ ಸುಂಟರಗಾಳಿಯ ಎಚ್ಚರಿಕೆ ಬಂದಾಗ ರೇಡಾರ್ ನೋಡುತ್ತಾ ಕೂರಬೇಡಿ. ಹವಾಮಾನ ಸೇವೆ ಎಚ್ಚರಿಕೆ ಕೊಟ್ಟರೆ ಮೊದಲು ಕೆಳಗಿನ ಮಹಡಿಯ ಕಿಟಕಿ ಇಲ್ಲದ ಕೋಣೆಗೆ ಹೋಗಿ.

ಅಮೆರಿಕದ ಚಳಿಗಾಲಕ್ಕೂ ಒಂದು ಮಾತು. ಹಲವು ಆ್ಯಪ್‌ಗಳು ಮಳೆಗೆ ಹಸಿರು, ಹಿಮಕ್ಕೆ ನೀಲಿ, ಎರಡೂ ಬೆರೆತದ್ದಕ್ಕೆ ಗುಲಾಬಿ ಹಾಕುತ್ತವೆ. ತಿಳಿ ಹಸಿರು ಮತ್ತು ಗುಲಾಬಿ ಎರಡೂ ನಮಗೆ ಬೂದಾಗಿ ಕಾಣಬಹುದು. ಕಾರು ತೆಗೆಯುವ ಮುಂಚೆ ಉಷ್ಣಾಂಶದ ಅಂಕಿ ನೋಡಿ, ಬಣ್ಣ ಬೇಡ.

ಹಂತ 7: ಬದಲಿಸಲಾಗದ ಚಿತ್ರಗಳು, ನಮ್ಮ ಹವಾಮಾನ ಇಲಾಖೆಯವು

ಭಾರತದ ಹವಾಮಾನ ಇಲಾಖೆ ತನ್ನ 'ಮೌಸಮ್' ಜಾಲತಾಣದಲ್ಲಿ ಡಾಪ್ಲರ್ ರೇಡಾರ್ ಚಿತ್ರಗಳನ್ನು ಉಚಿತವಾಗಿ ಹಾಕುತ್ತದೆ. ಗೋವಾ ರೇಡಾರ್‌ನಲ್ಲಿ ಬೆಳಗಾವಿ, ಉತ್ತರ ಕನ್ನಡ ಕಾಣುತ್ತವೆ. ಹೈದರಾಬಾದ್‌ನದರಲ್ಲಿ ಕಲಬುರಗಿ ಕಡೆ ಕಾಣುತ್ತದೆ. ಆದರೆ ಅವು ಸಿದ್ಧ ಚಿತ್ರಗಳು, ಬಣ್ಣದ ಪಟ್ಟಿ ಅದರಲ್ಲೇ ಅಚ್ಚಾಗಿರುತ್ತದೆ. ಇಲ್ಲಿ ಬೇರೆ ಉಪಾಯ ಬೇಕು. ಇರುವ ಉಪಾಯಗಳು ಒಳ್ಳೆಯವೇ.

ಮೊದಲನೆಯದು, ಜಾಗ ನೋಡಿ ಬಣ್ಣ ತಿಳಿಯುವುದು. ಮಳೆಮೋಡ ಈರುಳ್ಳಿಯ ಹಾಗೆ ಪದರ ಪದರವಾಗಿರುತ್ತದೆ: ಹೊರಗೆ ಸಣ್ಣ ಮಳೆ, ಒಳಗೆ ಹೋದಷ್ಟೂ ಜೋರು. ಹಳದಿಯನ್ನು ನಾವೆಲ್ಲ ಸುಲಭವಾಗಿ ಗುರುತಿಸುತ್ತೇವೆ. ಅದನ್ನೇ ಗಡಿ ಮಾಡಿಕೊಳ್ಳಿ. ಅನುಮಾನದ ಕಂದು ಬಣ್ಣ ಹಳದಿಯ ಹೊರಗಿದ್ದರೆ ಅದು ಹಸಿರು. ಹಳದಿಯ ಸುತ್ತುಗೋಡೆಯ ಒಳಗೆ ಸಿಕ್ಕಿದ್ದರೆ ಅದು ಕೆಂಪು. ಚಿತ್ರದ ಅಂಚಿನಲ್ಲಿ ಮೋಡ ತುಂಡಾಗಿದ್ದರೆ, ಘಟ್ಟದ ಬೆಟ್ಟಗಳು ಅಲೆಯನ್ನು ತಡೆದಿದ್ದರೆ ಇದು ಕೈಕೊಡಬಹುದು. ಉಳಿದಂತೆ ತುಂಬಾ ನಂಬಿಕಸ್ಥ ಉಪಾಯ.

ಎರಡನೆಯದು ನನಗೆ ಅತಿ ಪ್ರಿಯವಾದದ್ದು. ಇಲಾಖೆಯ ಚಿತ್ರಗಳಲ್ಲಿ 'ಮ್ಯಾಕ್ಸ್ ಝೆಡ್' ಎಂಬುದನ್ನು ತೆರೆಯಿರಿ. ನಡುವೆ ನಕ್ಷೆ ಇರುತ್ತದೆ. ಅದರ ಮೇಲ್ಗಡೆ ಒಂದು, ಬಲಗಡೆ ಒಂದು ಕಿರಿದಾದ ಪಟ್ಟಿ ಇರುತ್ತದೆ. ಆ ಪಟ್ಟಿಗಳು ಮೋಡವನ್ನು ಬದಿಯಿಂದ ನೋಡಿದ ಚಿತ್ರ, ಪಕ್ಕದಲ್ಲಿ ಎತ್ತರದ ಅಂಕಿ ಕಿಲೋಮೀಟರ್‌ನಲ್ಲಿ. ಗುಡುಗು-ಸಿಡಿಲಿನ ಮೋಡ 12, 15 ಕಿ.ಮೀ. ತನಕ ಕಂಬದ ಹಾಗೆ ಎದ್ದಿರುತ್ತದೆ. ಮುಂಗಾರಿನ ಸಾಮಾನ್ಯ ಮಳೆ ಅಷ್ಟು ಎತ್ತರಕ್ಕೆ ಹೋಗುವುದು ಕಡಿಮೆ. ಏಪ್ರಿಲ್-ಮೇ ತಿಂಗಳಲ್ಲಿ ಆಲಿಕಲ್ಲಿನ ಭಯ ಇದ್ದಾಗ ಆ ಕಂಬದ ಎತ್ತರ ನೋಡುವುದಕ್ಕೆ ಬಣ್ಣ ಬೇಕೇ ಇಲ್ಲ. ನಕ್ಷೆಯ ಮೇಲೆ ಕಂಬದ ನೇರಕ್ಕೆ ಕೆಳಗೆ ಗೆರೆ ಎಳೆದರೆ ಮೋಡ ಯಾವ ಊರಿನ ಕಡೆ ಇದೆ ಅಂತ ಸಿಗುತ್ತದೆ.

ಮೂರನೆಯದು ಕಂಪ್ಯೂಟರ್ ಇದ್ದವರಿಗೆ. ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್‌ನಲ್ಲಿ ಕಲರ್ ಪಿಕ್ಕರ್ ಇದೆ. ವಿಂಡೋಸ್, ಶಿಫ್ಟ್, ಸಿ ಒಟ್ಟಿಗೆ ಒತ್ತಿ, ಚಿತ್ರದ ಮೇಲೆ ಮೌಸ್ ಇಟ್ಟರೆ ಅಲ್ಲಿನ ಬಣ್ಣದ ಸಂಖ್ಯೆ ತೋರಿಸುತ್ತದೆ. ಸೆಟ್ಟಿಂಗ್ ಹಾಕಿದರೆ ಬಣ್ಣದ ಹೆಸರನ್ನೂ ಹೇಳುತ್ತದೆ. ಮ್ಯಾಕ್‌ನಲ್ಲಿ ಡಿಜಿಟಲ್ ಕಲರ್ ಮೀಟರ್ ಮೊದಲಿಂದಲೇ ಇದೆ. ಮಳೆಯ ಮೇಲೆ ಒಮ್ಮೆ, ಪಕ್ಕದ ಪಟ್ಟಿಯ ಮೇಲೆ ಒಮ್ಮೆ ಇಟ್ಟು ಸಂಖ್ಯೆ ತಾಳೆ ನೋಡಿ.

ಬಣ್ಣಕ್ಕೆ ಸಂಬಂಧವಿಲ್ಲದ ಒಂದು ಎಚ್ಚರಿಕೆಯೂ ಇಲ್ಲೇ ಹೇಳಿಬಿಡುತ್ತೇನೆ. ಚೆನ್ನೈ ರೇಡಾರ್‌ನಿಂದ ಬೆಂಗಳೂರಿಗೆ ನೇರ ದೂರ ಸುಮಾರು 290 ಕಿ.ಮೀ. ಭೂಮಿ ದುಂಡಗಿರುವುದರಿಂದ ಅರ್ಧ ಡಿಗ್ರಿ ಏರಿಸಿ ಬಿಟ್ಟ ಅಲೆ ಅಷ್ಟು ದೂರಕ್ಕೆ ಹೋಗುವಷ್ಟರಲ್ಲಿ ನೆಲದಿಂದ ಏಳು ಕಿ.ಮೀ. ಮೇಲೇರಿರುತ್ತದೆ. ಕೆಳಗೆ ಸುರಿಯುವ ಮಳೆ ಅದಕ್ಕೆ ಕಾಣುವುದಿಲ್ಲ. ದೂರದ ರೇಡಾರ್‌ನಲ್ಲಿ ನಿಮ್ಮ ಊರು ಖಾಲಿ ಕಂಡರೆ ಅದು ಕಣ್ಣಿನ ತಪ್ಪೂ ಅಲ್ಲ, ಮಳೆ ಇಲ್ಲ ಅಂತಲೂ ಅಲ್ಲ.

ಯೆಲ್ಲೋ, ಆರೆಂಜ್, ರೆಡ್ ಅಲರ್ಟ್

ಜಿಲ್ಲಾವಾರು ಎಚ್ಚರಿಕೆಯ ನಕ್ಷೆಯಲ್ಲೂ ಇದೇ ಕಥೆ. ಹಸಿರು ಅಂದರೆ ಎಚ್ಚರಿಕೆ ಇಲ್ಲ, ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ಕೈಗೊಳ್ಳಿ. ಕೊಡಗು ಹಸಿರೋ ಕಿತ್ತಳೆಯೋ ಅಂತ ನಕ್ಷೆಯಲ್ಲಿ ತಡಕಾಡಬೇಡಿ. ಇಲಾಖೆಯ ಮುನ್ಸೂಚನೆ ಬರಹದಲ್ಲೂ ಬರುತ್ತದೆ, ಅದನ್ನು ಓದಿ. ಅದರಲ್ಲಿ ಬರುವ ಪದಗಳಿಗೆ ಅಳತೆ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಂದರೆ ಭಾರಿ ಮಳೆ. 115.6ರಿಂದ 204.4 ಆದರೆ ಅತಿ ಭಾರಿ. ಅದಕ್ಕೂ ಮೇಲಾದರೆ ಅತ್ಯಂತ ಭಾರಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿಗೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಕಿವಿಗೆ ಬಣ್ಣದ ಹಂಗಿಲ್ಲ.

ವಾಟ್ಸ್ಆ್ಯಪ್ ಗುಂಪಿಗೆ ನಕ್ಷೆ ಕಳಿಸುವವರು ದಯವಿಟ್ಟು ಕೆಳಗೆ ಒಂದು ಸಾಲು ಬರೆಯಿರಿ: 'ಉಡುಪಿ, ರೆಡ್ ಅಲರ್ಟ್, ನಾಳೆ'. ಗುಂಪಿನಲ್ಲಿ ಹತ್ತಿಪ್ಪತ್ತು ಗಂಡಸರಿದ್ದರೆ ಅವರಲ್ಲಿ ಒಬ್ಬರಿಗಾದರೂ ಅದು ಬೇಕಾಗುವ ಸಾಧ್ಯತೆ ಇದೆ.

ಆ್ಯಪ್ ಮಾಡುವವರಿಗೆ, ಕೋಡ್ ಬರೆಯುವವರಿಗೆ

ಬೆಂಗಳೂರಿನಲ್ಲಿ ಹವಾಮಾನದ ಆ್ಯಪ್ ಮಾಡುವ ಹುಡುಗ-ಹುಡುಗಿಯರಿಗೆ ಇದನ್ನು ಹೇಳಲೇಬೇಕು. ಪೈಥಾನ್‌ನಲ್ಲಿ ರೇಡಾರ್ ಕೆಲಸಕ್ಕೆ ಪೈ-ಆರ್ಟ್ ಎಂಬ ಉಚಿತ ಲೈಬ್ರರಿ ಇದೆ. ಅದರೊಳಗೆ 'ಹೋಮಿಯರ್ ರೇನ್‌ಬೋ' ಎಂಬ ಪಟ್ಟಿ ಸಿದ್ಧವಾಗಿದೆ. ಹಳೆಯ ಬಣ್ಣಗಳ ಛಾಯೆ ಉಳಿಸಿಕೊಂಡೇ ಬಣ್ಣಗುರುಡು ಇದ್ದವರಿಗೂ ಓದಲು ಬರುವ ಹಾಗೆ ಮಾಡಿದ ಪಟ್ಟಿ ಅದು. ಗಾಳಿಯ ಚಿತ್ರಕ್ಕೆ 'ಬ್ಯಾಲೆನ್ಸ್' ಇದೆ. ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ಬಂದ 2.0 ಆವೃತ್ತಿಯಿಂದ ಕಾಮನಬಿಲ್ಲು ಬಿಟ್ಟು 'ವಿರಿಡಿಸ್' ಅನ್ನು ಮೊದಲ ಆಯ್ಕೆ ಮಾಡಿಕೊಂಡಿತು. ಆಮೇಲೆ ಬಂದ 'ಸಿವಿಡಿಸ್' ಬಣ್ಣಗುರುಡು ಇದ್ದವರಿಗೂ ಇಲ್ಲದವರಿಗೂ ಹೆಚ್ಚುಕಮ್ಮಿ ಒಂದೇ ಥರ ಕಾಣುವ ಹಾಗೆ ಕಟ್ಟಿದ್ದು.

ನಿಮ್ಮ ಆ್ಯಪ್ ನಮಗೆ ಹೇಗೆ ಕಾಣುತ್ತದೆ ಅಂತ ನೋಡಲು ಕ್ರೋಮ್‌ನ ಡೆವಲಪರ್ ಟೂಲ್ಸ್ ಸಾಕು. ಅದರ ರೆಂಡರಿಂಗ್ ಭಾಗದಲ್ಲಿ ದೃಷ್ಟಿ ದೋಷಗಳನ್ನು ಅನುಕರಿಸುವ ಆಯ್ಕೆ ಇದೆ. ಇಡೀ ಪರದೆಗೆ ಬೇಕಾದರೆ ಕಲರ್ ಒರಾಕಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕೆಲಸ ಮೂರೇ: ಎರಡನೇ ಪಟ್ಟಿಯ ಆಯ್ಕೆ ಕೊಡಿ, ಬೆರಳಿಟ್ಟಲ್ಲಿ ಅಂಕಿ ತೋರಿಸಿ, ಎಚ್ಚರಿಕೆಯ ಬಣ್ಣದ ಜೊತೆ ಪದವನ್ನೂ ಬರೆಯಿರಿ.

ಬಳಸುವವರೂ ಸುಮ್ಮನಿರಬೇಡಿ. ನಿಮ್ಮ ಆ್ಯಪ್‌ನಲ್ಲಿ ಈ ಆಯ್ಕೆ ಇಲ್ಲದಿದ್ದರೆ ಮಾಡಿದವರಿಗೆ ಬರೆದು ಕೇಳಿ. "ಬಣ್ಣ ಕಾಣಲ್ಲ" ಅಂತ ಮಾತ್ರ ಬರೆದರೆ ಅವರಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಮಳೆಯ ದಿನದ ಒಂದು ಸ್ಕ್ರೀನ್‌ಶಾಟ್ ತೆಗೆದು ಕಳಿಸಿ. ಫೋನಿನ ಫಿಲ್ಟರ್ ಸ್ಕ್ರೀನ್‌ಶಾಟ್‌ನಲ್ಲಿ ಬರದೆ ಇರುವುದರಿಂದ ಅದರ ಇನ್ನೊಂದು ಪ್ರತಿಯನ್ನು ಎಡಿಟ್‌ನಲ್ಲಿ ಕಪ್ಪು-ಬಿಳುಪು ಮಾಡಿ ಜೊತೆಗಿಡಿ. ಒಂದೇ ಬೂದಾಗಿ ಕಾಣುವ ಎರಡು ಜಾಗಗಳಿಗೆ ವೃತ್ತ ಹಾಕಿ, ಪಕ್ಕದಲ್ಲಿ ಎರಡರ ಡಿಬಿಝೆಡ್ ಅಂಕಿಯನ್ನೂ ಬರೆಯಿರಿ.